ಮಗಳ ಓದು ನಿಲ್ಲದಿರಲಿ: ಹೈನುಗಾರ್ತಿಯರು ತಿಳಿದಿರಬೇಕಾದ ವಿದ್ಯಾರ್ಥಿವೇತನಗಳು



ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಸಂಘದ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಕೇಳಿಬರುವ ಮಾತು ನಿಮಗೆ ಹೊಸದಲ್ಲ.

"ನಿಮ್ಮ ಹುಡುಗಿದು ಏನಾಯ್ತಕ್ಕ?"

"ಪಾಸಾಗಿದಾಳೆ ಕಣಮ್ಮ. ಮುಂದಕ್ಕೆ ಕಳ್ಸೋದೋ ಬೇಡ್ವೋ ಅಂತ ಇನ್ನೂ ಮನೇಲಿ ಮಾತಾಡಿಲ್ಲ. ಒಂದು ವರ್ಷ ಮನೇಲಿರಲಿ, ಆಮೇಲೆ ನೋಡೋಣ ಅಂತಾರೆ ಅವ್ರು."

ಈ "ಒಂದು ವರ್ಷ ಮನೇಲಿರಲಿ" ಎಂಬ ಮಾತಿನಲ್ಲೇ ಎಷ್ಟೋ ಹೆಣ್ಣುಮಕ್ಕಳ ಓದು ಮುಗಿದುಹೋಗುತ್ತದೆ. ಮನೆಯಲ್ಲಿದ್ದ ಹುಡುಗಿ ಕೊಟ್ಟಿಗೆ ಕೆಲಸಕ್ಕೆ ಹೊಂದಿಕೊಳ್ಳುತ್ತಾಳೆ, ಅಮ್ಮನಿಗೂ ಕೈ ಹಗುರಾಗುತ್ತದೆ, ಅಷ್ಟರಲ್ಲಿ ಸಂಬಂಧ ಕೇಳಿಕೊಂಡು ಯಾರೋ ಬರುತ್ತಾರೆ. ಮರುವರ್ಷ ಕಾಲೇಜಿನ ಮಾತನ್ನು ಯಾರೂ ಎತ್ತುವುದಿಲ್ಲ. ಇದಕ್ಕೆ ಕಾರಣ ಹಲವು. ಆದರೆ ಬಾಯಿಬಿಟ್ಟು ಹೇಳುವ ಕಾರಣ ಒಂದೇ: ಜೂನ್ ತಿಂಗಳಲ್ಲಿ ಕೈಯಲ್ಲಿ ಹಣವಿಲ್ಲ.

ಹಣ ಇಲ್ಲವೇ ಇಲ್ಲ ಎಂದೇನೂ ಅಲ್ಲ. ಹೆಣ್ಣುಮಕ್ಕಳ ಓದಿಗಾಗಿ ಸರ್ಕಾರದಲ್ಲಿ, ಒಕ್ಕೂಟದಲ್ಲಿ, ಸಂಘ ಸಂಸ್ಥೆಗಳಲ್ಲಿ ಹಣ ಇದೆ. ಅದು ಯಾರಿಗೆ ಸಿಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ನಮ್ಮ ಊರಿನ ಸಂಘದಲ್ಲೇ ನಾವು ಏನು ಮಾಡಬಹುದು ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ನಮ್ಮ ಮನೆಯದೇ: ಒಕ್ಕೂಟದ ಪುರಸ್ಕಾರ

ರಾಜ್ಯದ ಹಲವು ಹಾಲು ಒಕ್ಕೂಟಗಳು ಎಸ್‌ಎಸ್‌ಎಲ್‌ಸಿ, ಪಿಯುಸಿಯಲ್ಲಿ ಉತ್ತಮ ಅಂಕ ಪಡೆದ ಉತ್ಪಾದಕರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಅಥವಾ ವಿದ್ಯಾರ್ಥಿವೇತನ ಕೊಡುತ್ತವೆ. ಮೊತ್ತ, ಅಂಕದ ಮಿತಿ, ಒಂದು ಸಂಘದಿಂದ ಎಷ್ಟು ಮಕ್ಕಳು ಎಂಬುದೆಲ್ಲ ಒಕ್ಕೂಟದಿಂದ ಒಕ್ಕೂಟಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಫಲಿತಾಂಶ ಬಂದ ಮೇಲೆ ಸುತ್ತೋಲೆ ಸಂಘಕ್ಕೆ ಬರುತ್ತದೆ. ಕಾರ್ಯದರ್ಶಿಯವರು ಅದನ್ನು ಸೂಚನಾ ಫಲಕಕ್ಕೆ ಹಾಕಿದ್ದಾರೆಯೇ ಎಂದು ನೀವೇ ಕೇಳಿ.

ಇಲ್ಲಿ ಒಂದು ಮಾತು ಗಮನಿಸಬೇಕು. ಈ ಸೌಲಭ್ಯ ಸಿಗುವುದು ಸಕ್ರಿಯ ಸದಸ್ಯರ ಮಕ್ಕಳಿಗೆ. ವರ್ಷದಲ್ಲಿ ಇಷ್ಟು ದಿನ, ಇಷ್ಟು ಲೀಟರ್ ಹಾಲು ಸಂಘಕ್ಕೆ ಹಾಕಿರಬೇಕೆಂಬ ನಿಯಮವಿರುತ್ತದೆ. ಹಾಲು ಕರೆಯುವವರು ನೀವು, ಡೇರಿಗೆ ತರುವವರು ನೀವು, ಆದರೆ ಸದಸ್ಯತ್ವ ತೀರಿಹೋದ ಮಾವನವರ ಹೆಸರಿನಲ್ಲೇ ಉಳಿದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಷೇರು ನಿಮ್ಮ ಹೆಸರಿಗೆ ಆಗಿದೆಯೇ, ಹಾಲಿನ ಲೆಕ್ಕ ನಿಮ್ಮ ಕೋಡ್‌ನಲ್ಲೇ ಬೀಳುತ್ತಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ.

ಸರ್ಕಾರದ ವಿದ್ಯಾರ್ಥಿವೇತನಗಳು

ಎಂಟನೇ ತರಗತಿಯಿಂದಲೇ ಶುರು. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುವ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000 ರೂಪಾಯಿ. ಅರ್ಜಿ ಹಾಕಿಸಬೇಕಾದವರು ಶಾಲೆಯವರು. "ನಮ್ಮ ಮಗುವಿನ ಹೆಸರು ಹಾಕಿದ್ದೀರಾ ಮೇಷ್ಟ್ರೇ?" ಎಂದು ಹೋಗಿ ಕೇಳಬೇಕಾದವರು ನಾವು.

ರೈತ ವಿದ್ಯಾನಿಧಿ. ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2021ರಲ್ಲಿ ಆರಂಭಿಸಿದ ಯೋಜನೆ ಇದು. ಇದರಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಸ್ವಲ್ಪ ಹೆಚ್ಚಿನ ಮೊತ್ತ ನಿಗದಿಯಾಯಿತು. ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗಿಗೆ ವರ್ಷಕ್ಕೆ 3,000 ರೂಪಾಯಿ. ಬಿಎ, ಬಿಎಸ್ಸಿ, ಬಿಕಾಂನಂಥ ಪದವಿಗೆ 5,500. ಕಾನೂನು, ನರ್ಸಿಂಗ್, ಫಾರ್ಮಸಿಯಂಥ ಕೋರ್ಸಿಗೆ 8,000. ಎಂಬಿಬಿಎಸ್, ಬಿಇ ಮತ್ತು ಸ್ನಾತಕೋತ್ತರ ಪದವಿಗೆ 11,000. ಮುಂದೆ 8ರಿಂದ 10ನೇ ತರಗತಿಯ ಹೆಣ್ಣುಮಕ್ಕಳಿಗೂ 2,000 ರೂಪಾಯಿ ಸೇರಿತು, ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಲಾಯಿತು. ಯಾವ ಯೋಜನೆಯಾದರೂ ಆಯಾ ವರ್ಷದ ಆದೇಶವನ್ನು ಕಾಲೇಜಿನಲ್ಲಿ ವಿಚಾರಿಸಿಯೇ ಲೆಕ್ಕ ಹಾಕಿ.

ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳಿಗೆಲ್ಲ ಅರ್ಜಿ ಹಾಕುವ ಜಾಗ ಒಂದೇ. ಅದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಎಲ್ಲರೂ ಕರೆಯುವಂತೆ ಎಸ್‌ಎಸ್‌ಪಿ. ಹಿಂದುಳಿದ ವರ್ಗದ ಹುಡುಗಿಗೆ ಹಾಸ್ಟೆಲ್ ಸಿಗದಿದ್ದರೆ "ವಿದ್ಯಾಸಿರಿ" ಯೋಜನೆಯಲ್ಲಿ ಊಟ, ವಸತಿಗೆ ನೆರವಿದೆ. ಯೋಜನೆ ಆರಂಭವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ಇದು ನಿಗದಿಯಾಗಿತ್ತು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಇಲಾಖೆಯಿಂದ ಪ್ರೋತ್ಸಾಹಧನವೂ ಇದೆ. ಇದಕ್ಕೆ ಬೇರೆ ಅರ್ಜಿ ಹಾಕಬೇಕು, ಅದನ್ನು ಮರೆಯುವವರೇ ಹೆಚ್ಚು.

ಹೆಣ್ಣುಮಕ್ಕಳಿಗೇ ಮೀಸಲಾದವು. ಬಿಇ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಎಐಸಿಟಿಇ ಮಾನ್ಯತೆಯ ಕಾಲೇಜು ಸೇರಿದ ಹುಡುಗಿಯರಿಗೆ "ಪ್ರಗತಿ" ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಹತ್ತನೇ ಮತ್ತು ಹನ್ನೆರಡನೇ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಮೊದಲ ವರ್ಷ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದವಳೆಂಬುದೇ ಇಲ್ಲಿ ಅರ್ಹತೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದ ಮಕ್ಕಳಿಗೆ ಕೇಂದ್ರ ಸರ್ಕಾರದ ಇನ್ನೊಂದು ವಿದ್ಯಾರ್ಥಿವೇತನವಿದೆ. ಪದವಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿಯಂತೆ ಕೊಡುವ ಇದರಲ್ಲಿ ಅರ್ಧ ಪಾಲು ಹೆಣ್ಣುಮಕ್ಕಳಿಗೆ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದಲ್ಲಿ ನೀವಿದ್ದರೆ, ವೃತ್ತಿಪರ ಕೋರ್ಸ್ ಓದುವ ಸದಸ್ಯರ ಮಕ್ಕಳಿಗೆ "ಸುಜ್ಞಾನನಿಧಿ" ಇದೆ. ನಿಮ್ಮ ಸೇವಾಪ್ರತಿನಿಧಿಯನ್ನು ಕೇಳಿ.

ಒಂದನ್ನು ಪಡೆದರೆ ಇನ್ನೊಂದನ್ನು ಪಡೆಯಬಾರದೆಂಬ ನಿಯಮ ಕೆಲವಕ್ಕಿದೆ. ಹಾಗಿದ್ದಾಗ ಮೊತ್ತ ಹೆಚ್ಚಿರುವುದನ್ನು ಆರಿಸಿಕೊಳ್ಳಿ.

ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಅರ್ಜಿ ಹಾಕಿದರೂ ಹಣ ಬರಲಿಲ್ಲ ಎಂಬ ದೂರು ಪ್ರತಿ ಊರಿನಲ್ಲೂ ಇದೆ. ಬಹಳಷ್ಟು ಸಲ ತೊಡಕು ಇರುವುದು ಈ ಐದು ಕಡೆ.

1. ಖಾತೆ. ಹಾಲಿನ ಪ್ರೋತ್ಸಾಹಧನ ಹೇಗೆ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೋ ವಿದ್ಯಾರ್ಥಿವೇತನವೂ ಹಾಗೆಯೇ. ಬ್ಯಾಂಕಿಗೆ ಆಧಾರ್ ನಕಲು ಕೊಟ್ಟ ಮಾತ್ರಕ್ಕೆ ಸಾಲದು. ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅದೂ ಮಗಳ ಆಧಾರ್, ಮಗಳದೇ ಖಾತೆಗೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಮ್ಯಾಪಿಂಗ್ ಆದ ಖಾತೆಗೇ ಹಣ ಹೋಗುತ್ತದೆ. "ಬಂದೇ ಇಲ್ಲ" ಎಂದುಕೊಂಡ ಹಣ ಮರೆತುಹೋದ ಹಳೇ ಖಾತೆಯಲ್ಲಿ ಕೂತಿರುವುದೂ ಉಂಟು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಆಗಾಗ 100 ರೂಪಾಯಿಯಾದರೂ ಕಟ್ಟಿ. ಬ್ಯಾಂಕ್ ದೂರವಿದ್ದರೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್ ಖಾತೆ ಸಾಕು.

2. ಹೆಸರು. ಆಧಾರ್‌ನಲ್ಲಿ "ಲಕ್ಷ್ಮೀ ಕೆ", ಅಂಕಪಟ್ಟಿಯಲ್ಲಿ "ಲಕ್ಷ್ಮೀದೇವಿ ಕೆ ಎಂ" ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಅಲೆದಾಟದ ಕೆಲಸ. ಒಂಬತ್ತನೇ ತರಗತಿಯಲ್ಲೇ ಶಾಲೆಯ ದಾಖಲೆ, ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ.

3. ಬೆರಳಚ್ಚು. ಮಗುವಿಗೆ 15 ವರ್ಷ ತುಂಬಿದಾಗ ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತು, ಫೋಟೊ ಹೊಸದಾಗಿ ಕೊಡಬೇಕು. 15ರಿಂದ 17 ವರ್ಷದೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಅದೇ ದಿನ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನೂ ಸೇರಿಸಿ, ಏಕೆಂದರೆ ಒಟಿಪಿ ಬರುವುದು ಅದಕ್ಕೇ.

4. ಎಫ್‌ಐಡಿ. ರೈತ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದರೆ ತಂದೆಗೆ ಎಫ್‌ಐಡಿ ಆಗುವುದಿಲ್ಲ, ಮಗಳಿಗೆ ಹಣ ಬರುವುದಿಲ್ಲ. ತಾತ ತೀರಿಕೊಂಡಿದ್ದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ಅಣ್ಣತಮ್ಮಂದಿರ ನಡುವೆ ಹತ್ತಾರು ವರ್ಷದಿಂದ ಮುಂದೂಡಿದ ಮಾತು ಅದು ಎಂಬುದು ಗೊತ್ತಿದೆ. ಮಗಳ ಓದಿನ ನೆಪದಲ್ಲಾದರೂ ಅದನ್ನು ಎತ್ತಬೇಕು. ಖಾತೆ ಆದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ನೋಂದಣಿ ಮಾಡಿಸಬಹುದು.

5. ಜಾತಿ, ಆದಾಯ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಗೆ ಸೇರುವಾಗ ಮುಗಿದಿರುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆ ಹಾಕಿದರೆ ಮಾತ್ರ ಎಸ್‌ಎಸ್‌ಪಿ ಅರ್ಜಿ ಮುಂದಕ್ಕೆ ಹೋಗುವುದು. ಪರೀಕ್ಷೆ ಮುಗಿದ ವಾರವೇ ನಾಡಕಚೇರಿಗೆ ಅರ್ಜಿ ಕೊಟ್ಟರೆ ದಾಖಲಾತಿ ಹೊತ್ತಿಗೆ ಕೈಯಲ್ಲಿರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಕಾಲೇಜಿನಲ್ಲಿ ದೃಢೀಕರಣ ಆಗದಿದ್ದರೆ ಅರ್ಜಿ ಅಲ್ಲೇ ಉಳಿಯುತ್ತದೆ. ಸ್ವೀಕೃತಿ ಪ್ರತಿ ತೆಗೆದಿಟ್ಟುಕೊಂಡು ಕಾಲೇಜಿನ ಕಚೇರಿಯಲ್ಲಿ ವಿಚಾರಿಸುತ್ತಿರಲು ಮಗಳಿಗೆ ಹೇಳಿ. ವಿದ್ಯಾರ್ಥಿವೇತನ ಒಮ್ಮೆ ಬಂದರೆ ಕೋರ್ಸ್ ಮುಗಿಯುವವರೆಗೆ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ, ಪ್ರತಿ ವರ್ಷ ಹೊಸ ಅರ್ಜಿ ಅಥವಾ ನವೀಕರಣ ಬೇಕು. ಅರ್ಜಿಗೆ ಸರ್ಕಾರಕ್ಕೆ ಕಟ್ಟುವ ಶುಲ್ಕವಿಲ್ಲ. "ಮಂಜೂರು ಮಾಡಿಸುತ್ತೇನೆ, ಒಟಿಪಿ ಹೇಳಿ" ಎಂದು ಫೋನ್ ಮಾಡುವವರಿಗೆ ಏನನ್ನೂ ಹೇಳಬೇಡಿ.

ಜೂನ್ ತಿಂಗಳ ಕಷ್ಟ

ಈಗ ಮುಖ್ಯ ಮಾತಿಗೆ ಬರೋಣ. ಎಲ್ಲ ದಾಖಲೆ ಸರಿಯಿದ್ದು, ಎಲ್ಲ ಅರ್ಜಿ ಹಾಕಿದರೂ ಸರ್ಕಾರದ ಹಣ ಬರುವುದು ದಾಖಲಾತಿ ಆಗಿ ತಿಂಗಳುಗಳ ಮೇಲೆ. ಶುಲ್ಕ ಕಟ್ಟಬೇಕಾದ್ದು ಮಾತ್ರ ಜೂನ್‌ನಲ್ಲಿ. ಅದೇ ಜೂನ್‌ನಲ್ಲಿ ಬಿತ್ತನೆ ಬೀಜ, ಗೊಬ್ಬರದ ಖರ್ಚು. ಹಸು ಬತ್ತಿದ್ದರೆ ಬಟವಾಡೆಯೂ ಕಡಿಮೆ.

ಒಂದು ಮನೆಯನ್ನು ನೆನೆಸಿಕೊಳ್ಳಿ. ಎರಡು ಹಸು, ಒಂದು ಬತ್ತಿದೆ. ಮಗಳು ಪಿಯುಸಿಯಲ್ಲಿ ಶೇಕಡಾ 58 ತೆಗೆದಿದ್ದಾಳೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಸೀಟು ಇದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚಿಲ್ಲ. ದಾಖಲಾತಿ, ಪುಸ್ತಕ, ಒಂದೆರಡು ಜೊತೆ ಬಟ್ಟೆ, ಎಲ್ಲ ಸೇರಿ ಐದಾರು ಸಾವಿರ ಬೇಕು. ಒಕ್ಕೂಟದ ಪ್ರತಿಭಾ ಪುರಸ್ಕಾರಕ್ಕೆ ಅವಳ ಅಂಕ ಸಾಲದು. ರೈತ ವಿದ್ಯಾನಿಧಿ ಬಂದರೂ ಬರುವುದು ಆಮೇಲೆ. "ಒಂದು ವರ್ಷ ಮನೇಲಿರಲಿ" ಎಂಬ ಮಾತು ಹುಟ್ಟುವುದು ಇಂಥ ಮನೆಯಲ್ಲಿ. ಶೇಕಡಾ 95 ತೆಗೆದ ಹುಡುಗಿಯನ್ನು ಹೇಗೋ ಸಾಲ ಮಾಡಿಯಾದರೂ ಓದಿಸುತ್ತಾರೆ. ನಿಲ್ಲುವುದು ಶೇಕಡಾ 58 ತೆಗೆದವಳ ಓದು.

ಈ ಹುಡುಗಿ ಯಾರೆಂದು ಬೆಂಗಳೂರಿನ ಕಚೇರಿಗೆ ಗೊತ್ತಿರುವುದಿಲ್ಲ, ಒಕ್ಕೂಟದ ಆಡಳಿತ ಕಚೇರಿಗೂ ಗೊತ್ತಿರುವುದಿಲ್ಲ. ದಿನಕ್ಕೆ ಎರಡು ಹೊತ್ತು ಡೇರಿ ಮುಂದೆ ಸೇರುವ ನಿಮಗೆ ಗೊತ್ತಿರುತ್ತದೆ. ಯಾರ ಮನೆಯ ಹಸು ಬತ್ತಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳು ಅಳುತ್ತಾ ಕೂತಿದ್ದಾಳೆ ಎಂಬುದೆಲ್ಲ ಸಾಲಿನಲ್ಲಿ ನಿಂತಾಗಲೇ ತಿಳಿಯುತ್ತದೆ. ಊರಿನ ಸಂಘವೇ ಕೊಡುವ ವಿದ್ಯಾರ್ಥಿವೇತನ ಚಿಕ್ಕದಾದರೂ ಅದಕ್ಕೆ ಬೆಲೆ ಇರುವುದು ಇದಕ್ಕಾಗಿ: ಸರಿಯಾದ ಹುಡುಗಿಗೆ, ಸರಿಯಾದ ತಿಂಗಳಲ್ಲಿ ಸಿಗುತ್ತದೆ.

ನಮ್ಮ ಸಂಘದಲ್ಲೇ ಒಂದು ದತ್ತಿನಿಧಿ

ದಾರಿ ಇದೆ. ಸಂಘದ ವಾರ್ಷಿಕ ಸಾಮಾನ್ಯ ಸಭೆಯಲ್ಲಿ "ನಿವ್ವಳ ಲಾಭ ವಿಲೇವಾರಿ" ಎಂಬ ವಿಷಯ ಪ್ರತಿ ವರ್ಷ ಬರುತ್ತದೆ. ಓದಿ ಹೇಳುತ್ತಾರೆ, ನಾವು ಕೈ ಎತ್ತುತ್ತೇವೆ, ತಿಂಡಿ ಪೊಟ್ಟಣ ತೆಗೆದುಕೊಂಡು ಮನೆಗೆ ಬರುತ್ತೇವೆ. ಈ ಸಲ ನಿಂತು ಕೇಳಿ. ಲಾಭದಲ್ಲಿ ಮೀಸಲು ನಿಧಿಗೆ ಒಂದು ಭಾಗ, ಷೇರಿನ ಮೇಲೆ ಡಿವಿಡೆಂಡ್, ಉತ್ಪಾದಕರಿಗೆ ಬೋನಸ್, ಸಿಬ್ಬಂದಿಗೆ ಬೋನಸ್ ಎಂದು ಹಂಚಿಕೆಯಾದ ಮೇಲೆ, ಉಪವಿಧಿಯಲ್ಲಿ ಧರ್ಮನಿಧಿ ಅಥವಾ ಸಾರ್ವಜನಿಕ ಹಿತದ ಬಾಬ್ತು ಎಂದು ಒಂದಿಷ್ಟು ಹಣ ಇಡಲು ಅವಕಾಶವಿರುತ್ತದೆ. ಮಕ್ಕಳ ಓದಿಗೆ ಬಳಸಬಹುದಾದ ಹಣ ಅದೇ. ಪಟ್ಟಿಯಲ್ಲಿ "ಸಹಕಾರ ಶಿಕ್ಷಣ ನಿಧಿ" ಎಂದೂ ಇರುತ್ತದೆ. ಹೆಸರಿನಲ್ಲಿ ಶಿಕ್ಷಣ ಇದ್ದರೂ ಅದು ಸಹಕಾರ ತರಬೇತಿಗಾಗಿ ರಾಜ್ಯ ಸಹಕಾರ ಮಹಾಮಂಡಳಕ್ಕೆ ಹೋಗುವ ಹಣ, ನಮ್ಮ ಮಕ್ಕಳ ವಿದ್ಯಾರ್ಥಿವೇತನಕ್ಕೆ ಬರುವುದಿಲ್ಲ.

ದತ್ತಿನಿಧಿ ಎಂದರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ಮಾತ್ರ ಖರ್ಚು ಮಾಡುವ ನಿಧಿ. ಒಂದು ಮಹಿಳಾ ಸಂಘದಲ್ಲಿ 120 ಸದಸ್ಯೆಯರಿದ್ದಾರೆ ಎಂದಿಟ್ಟುಕೊಳ್ಳಿ. ಬೋನಸ್ ಬಂದ ವರ್ಷ ಪ್ರತಿಯೊಬ್ಬರೂ ಒಂದೇ ಒಂದು ಸಲ 500 ರೂಪಾಯಿ ಕೊಟ್ಟರೆ 60,000 ಆಯಿತು. ಸಂಘ ಧರ್ಮನಿಧಿಯಿಂದ 40,000 ಸೇರಿಸಿದರೆ 1,00,000. ಶೇಕಡಾ 6.5 ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ 6,500 ರೂಪಾಯಿ. ನಾವು ಮೇಲೆ ನೆನೆಸಿಕೊಂಡ ಆ ಹುಡುಗಿಯ ಜೂನ್ ತಿಂಗಳ ಖರ್ಚು ಅಷ್ಟೇ ಅಲ್ಲವೇ?

ಇನ್ನೊಂದು ಲೆಕ್ಕ ನೋಡಿ. ದಿನಕ್ಕೆ 500 ಲೀಟರ್ ಹಾಲು ಬರುವ ಸಂಘದಲ್ಲಿ ಲೀಟರಿಗೆ 5 ಪೈಸೆ ತೆಗೆದಿಟ್ಟರೆ ದಿನಕ್ಕೆ 25 ರೂಪಾಯಿ, ವರ್ಷಕ್ಕೆ 9,125 ರೂಪಾಯಿ. ದಿನಕ್ಕೆ 10 ಲೀಟರ್ ಹಾಕುವ ಸದಸ್ಯೆಗೆ ಇದರಿಂದ ತಗಲುವುದು ದಿನಕ್ಕೆ 50 ಪೈಸೆ. ಆದರೆ ಯಾರೊಬ್ಬರ ಬಟವಾಡೆಯಿಂದಲೂ ಅವರ ಒಪ್ಪಿಗೆ ಇಲ್ಲದೆ ಹಣ ಹಿಡಿಯಬಾರದು. ಸಾಮಾನ್ಯ ಸಭೆಯ ಠರಾವು ಬೇಕು, ಉಪವಿಧಿಗೆ ಅದು ಹೊಂದಬೇಕು. ಮೊದಲೇ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯವರನ್ನು ಕೇಳಿಕೊಳ್ಳಿ.

ಸಭೆಯ ನೋಟಿಸ್ ಹೊರಡುವ ಮೊದಲೇ ನಾಲ್ಕಾರು ಸದಸ್ಯೆಯರು ಸಹಿ ಹಾಕಿ ಅಧ್ಯಕ್ಷರಿಗೆ ಲಿಖಿತವಾಗಿ ಕೊಟ್ಟರೆ ವಿಷಯ ಕಾರ್ಯಸೂಚಿಗೆ ಸೇರುತ್ತದೆ. ಸಭೆಯ ದಿನ ಎದ್ದು ಹೇಳಿದರೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಬರುವುದು ಸಹಜ. ಠರಾವು ಹೀಗಿರಬಹುದು:

"ಸಂಘದ ಸಕ್ರಿಯ ಸದಸ್ಯೆಯರ ಹೆಣ್ಣುಮಕ್ಕಳು ಹತ್ತನೇ ತರಗತಿಯ ನಂತರ ಓದು ಮುಂದುವರಿಸಲು ನೆರವಾಗುವಂತೆ, ಉಪವಿಧಿಗೆ ಒಳಪಟ್ಟು, ____ ರೂಪಾಯಿಗಳ ದತ್ತಿನಿಧಿ ಸ್ಥಾಪಿಸಿ, ಅದರ ಬಡ್ಡಿಯನ್ನು ಪ್ರತಿ ವರ್ಷ ಜೂನ್ ತಿಂಗಳೊಳಗೆ ಅರ್ಹ ವಿದ್ಯಾರ್ಥಿನಿಯ ಖಾತೆಗೆ ಜಮಾ ಮಾಡಲು ಈ ಸಭೆ ಒಪ್ಪಿಗೆ ನೀಡಿದೆ."

ಯಾರಿಗೆ ಕೊಡಬೇಕೆಂಬುದನ್ನೂ ಆಗಲೇ ಬರೆದಿಟ್ಟರೆ ಮುಂದೆ ಮನಸ್ತಾಪವಿರುವುದಿಲ್ಲ. ಪಾಸಾಗಿದ್ದರೆ ಸಾಕು, ಅಂಕದ ಪೈಪೋಟಿ ಬೇಡ. ತಂದೆ ಇಲ್ಲದ, ಜಮೀನಿಲ್ಲದ, ಕಾಯಿಲೆ ಇರುವ ಮನೆಯ ಹುಡುಗಿಗೆ ಮೊದಲ ಆದ್ಯತೆ. ಆಡಳಿತ ಮಂಡಳಿಯವರ ಮನೆಯ ಮಗು ಅರ್ಜಿ ಹಾಕಿದರೆ ಆ ನಿರ್ದೇಶಕಿ ಆಯ್ಕೆಯ ದಿನ ಹೊರಗಿರಬೇಕು. ಪಡೆದವಳ ಕಾಲೇಜಿನ ರಶೀದಿ ಕಡತದಲ್ಲಿರಬೇಕು, ಲೆಕ್ಕ ಮುಂದಿನ ಸಭೆಯಲ್ಲಿ ಓದಬೇಕು. ಆದರೆ ವೇದಿಕೆ ಹತ್ತಿಸಿ "ಬಡವರ ಮಗಳು" ಎಂದು ಕೂಗಿ ಕೊಡುವುದು ಬೇಡ. ಹದಿನಾರು ಹದಿನೇಳರ ಹುಡುಗಿಯ ಮನಸ್ಸಿಗೆ ಅದು ನೋಯುತ್ತದೆ. ಖಾತೆಗೆ ಹಾಕಿ, ಅಷ್ಟು ಸಾಕು.

ಈಗ ಮಾಡಬೇಕಾದ್ದು

ಮನೆಗೆ ಹೋದ ಮೇಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಆಧಾರ್, ಪಾಸ್‌ಬುಕ್, ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, ನಿಮ್ಮ ಎಫ್‌ಐಡಿ, ಸಂಘದ ಸದಸ್ಯತ್ವದ ಸಂಖ್ಯೆ ಇವಿಷ್ಟನ್ನು ಹಾಕಿಡಿ. ಯಾವುದು ಇಲ್ಲವೋ ಅದೇ ಈ ತಿಂಗಳ ಕೆಲಸ. ಎಸ್‌ಎಸ್‌ಪಿ ಅರ್ಜಿ ಯಾವಾಗ ತೆರೆಯುತ್ತದೆ, ಕೊನೆಯ ದಿನ ಯಾವುದು ಎಂಬುದನ್ನು ಸಂಘದ ಹಾಲಿನ ದರದ ಫಲಕದ ಪಕ್ಕದಲ್ಲೇ ಬರೆಯಲು ಕಾರ್ಯದರ್ಶಿಯವರಿಗೆ ಹೇಳಿ. ದಿನವೂ ಕಣ್ಣಿಗೆ ಬೀಳುವ ಜಾಗ ಅದು.

ಕರು ಹಾಕಿದ ಹಸುವಿನ ಮೊದಲ ದಿನಗಳ ಗಿಣ್ಣುಹಾಲನ್ನು ಕರುವಿಗೆ ಎಷ್ಟು ಹೊತ್ತಿನೊಳಗೆ ಕುಡಿಸಬೇಕು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಡವಾದರೆ ಅದೇ ಹಾಲಾದರೂ ಆ ಗುಣ ಸಿಗದು. ಮಗಳ ಓದಿನ ಹಣವೂ ಹಾಗೆಯೇ. ಜೂನ್‌ನಲ್ಲಿ ಸಿಕ್ಕ ಐದು ಸಾವಿರ ಅವಳನ್ನು ಕಾಲೇಜಿಗೆ ಕಳಿಸುತ್ತದೆ. ಈ ವರ್ಷದ ಸಾಮಾನ್ಯ ಸಭೆಯಲ್ಲಿ ಆ ಮಾತನ್ನು ನೀವೇ ಎತ್ತಿ.